ಕಟ್ಟಕ್ಕೊಂದು ಪಾಲು ತೆಗೆದಿಡಿ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಾಗಿದ್ದೂ 2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿ, ಧರ್ಮಸ್ಥಳ ಯಾತ್ರೆಯನ್ನು ಮುಂದೂಡಿ ಎಂದು ಭಕ್ತರನ್ನು ವಿನಂತಿಸಿಕೊಳ್ಳಬೇಕಾಯಿತು. ಮಂಗಳೂರಿನ ನಲ್ಲಿಗಳಲ್ಲೂ ನೀರು ದಿನವೂ ಬರುವುದು ನಿಂತಿತು. ಇಂಥ ಬೇಸಿಗೆ ಬಂದಾಗಲೆಲ್ಲ ಕೋಟಿಗಳ ಯೋಜನೆಯ ಮಾತು ಏಳುತ್ತದೆ. ಬಂಟ್ವಾಳ ತಾಲ್ಲೂಕಿನ ಒಬ್ಬ ಅಡಿಕೆ ಕೃಷಿಕಳಾಗಿ ನಾನು ಕೇಳುವುದು ತೀರಾ ಸಣ್ಣ ಹಣ. ಊರಿನವರು ಸೇರಿ ಹಾಕುವ ಪ್ರತಿ ಕಟ್ಟಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ, ಅದೂ ನವೆಂಬರ್ ಮುಗಿಯುವುದರೊಳಗೆ, ವರ್ಷ ವರ್ಷವೂ.

ಘಟ್ಟದ ಮೇಲಿನವರಿಗೆ ಕಟ್ಟದ ಪರಿಚಯ ಇರಲಿಕ್ಕಿಲ್ಲ. ಮಳೆ ನಿಂತು ತೋಡಿನ, ಅಂದರೆ ಊರ ಹಳ್ಳದ, ಹರಿವು ಸಣ್ಣದಾಗುತ್ತಿದ್ದಂತೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಪೇರಿಸಿ ನೀರು ನಿಲ್ಲಿಸುತ್ತೇವೆ. ನಿಂತ ನೀರು ಎರಡೂ ದಂಡೆಯ ತೋಟದೊಳಗೆ ಇಂಗುತ್ತದೆ, ಬಾವಿಗಳಿಗೆ ಒಸರುತ್ತದೆ. ತುಂಬಿ ಹರಿದದ್ದನ್ನು ಕೆಳಗಿನ ಕಟ್ಟ ಹಿಡಿಯುತ್ತದೆ. ಒಂದರ ಹಿನ್ನೀರು ಮೇಲಿನದರ ಬುಡ ಮುಟ್ಟುವಂತೆ ಸಾಲಾಗಿ ಹಾಕಿದರೆ ಇಡೀ ತೋಡು ಫೆಬ್ರವರಿ ದಾಟುವವರೆಗೂ ತುಂಬಿಕೊಂಡಿರುತ್ತದೆ. ಜೂನ್‌ನ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ. ಹೋಗಲೇಬೇಕು. ಮಳೆಗಾಲದಲ್ಲಿ ತೋಡಿಗೆ ತಡೆ ಇರದ ಕಾರಣಕ್ಕೇ ಹೂಳು ನಿಲ್ಲುವುದಿಲ್ಲ, ದಂಡೆ ಕುಸಿಯುವುದಿಲ್ಲ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಮಾವನವರು ಕಟ್ಟದ ಕೆಲಸಕ್ಕೆ ದಿನ ಗೊತ್ತುಮಾಡಿ ಮನೆಮನೆಗೆ ಹೇಳಿಕಳಿಸುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಒಂದೊಂದೇ ಮನೆಯಿಂದ ಆಳು ಬರುವುದು ನಿಂತಿತು. ಸ್ವಂತ ನೀರಿದ್ದವರಿಗೆ ತೋಡಿನ ಹಂಗು ಬೇಡವಾಯಿತು. ಆಮೇಲೆ ಆ ಕೊಳವೆಬಾವಿಗಳೂ ಬತ್ತಿದವು. ಪುತ್ತೂರಿನಲ್ಲಿ 1988ರಲ್ಲಿ ರೈತರೇ ಆರಂಭಿಸಿದ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆಯವರು ಕಟ್ಟಗಳ ಕುರಿತು ಬರೆಯುತ್ತ ಬಂದದ್ದರಿಂದ, ಕಾಸರಗೋಡಿನ ಏತಡ್ಕದಲ್ಲಿ ಸಾಲುಕಟ್ಟ ಹಾಕುವವರನ್ನು ಕಂಡದ್ದರಿಂದ, ನಮ್ಮಂಥ ಎಷ್ಟೋ ಊರುಗಳಿಗೆ ಮತ್ತೆ ಧೈರ್ಯ ಬಂತು. ಈಗ ಕೆಲಸವೂ ಹಗುರವಾಗಿದೆ. ಅಡಿಕೆ ಮರದ ಕಂಬ ಹೂತು, ಮಣ್ಣು ತುಂಬಿದ ಚೀಲ ಪೇರಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದೆಸಿದರೆ ಆಯಿತು. ಮಳೆಗೆ ಮೊದಲು ಹಾಳೆ ಬಿಚ್ಚಿ ತೊಳೆದು ಅಟ್ಟಕ್ಕೆ ಹಾಕಿಟ್ಟರೆ ಇನ್ನೂ ಕೆಲವು ವರ್ಷ ಬರುತ್ತದೆ.

ಕೆಲಸ ಹಗುರವಾದರೂ ಹಾಳೆಗೆ, ಚೀಲಕ್ಕೆ, ಮಣ್ಣು ತರುವ ಟೆಂಪೋಕ್ಕೆ ನಗದು ಬೇಕು. ಅಡಿಕೆ ಮಾರುವ ಮೊದಲೇ ಬರುವ ಈ ಖರ್ಚನ್ನು ಪ್ರತಿ ಸಲ ಇಬ್ಬರು ಮೂವರೇ ಹೊರಬೇಕು. ಅವರಿಗೆ ಸಾಕೆನಿಸಿದ ವರ್ಷ ಕಟ್ಟವೂ ಇಲ್ಲ. “ಈ ವರ್ಷ ಕಟ್ಟ ಉಂಟಾ ಅಕ್ಕ?” ಎಂದು ಕೆಳಗಿನ ಮನೆಯವರು ಕೇಳಿದಾಗ ಹಣದ ಲೆಕ್ಕ ನೋಡಿ ಉತ್ತರಿಸಬೇಕಾದ ಸ್ಥಿತಿ ನಮ್ಮದು.

ಇದನ್ನು ಹೇಳಲು ಹೋದ ಕಚೇರಿಯೊಂದರಲ್ಲಿ ನಮಗೆ ಸಿಕ್ಕ ಉತ್ತರ, ಜೂನ್‌ಗೆ ಕೊಚ್ಚಿಹೋಗುವುದಕ್ಕೆ ಬಿಲ್ ಮಾಡುವುದು ಹೇಗೆ ಎಂಬುದು. ಬಾಳಿಕೆ ಬರುವ ಆಸ್ತಿ ತೋರಿಸಿ ಎನ್ನುತ್ತದೆ ಕಡತ. ಕಿಂಡಿ ಅಣೆಕಟ್ಟಾದರೆ ಲಕ್ಷಗಟ್ಟಲೆ ಮಂಜೂರಾಗುತ್ತದೆ. ದೊಡ್ಡ ಹೊಳೆಗಳಿಗೆ ಅದು ಬೇಕೇ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕಿಂಡಿ ಅಣೆಕಟ್ಟಿನಲ್ಲೂ ನೀರು ನಿಲ್ಲಿಸುವುದು ಹಲಗೆ. ಅದನ್ನು ಮಳೆ ಹೋದೊಡನೆ ಇಳಿಸಬೇಕು, ಮಳೆಗೆ ಮೊದಲು ಎತ್ತಬೇಕು. ಗುತ್ತಿಗೆದಾರ ಬಿಲ್ ಪಡೆದು ಹೋದ ಮೇಲೆ ಹಲಗೆಯ ಪಾಡು ಯಾರದು? ಹಲಗೆ ಇಳಿಸದ ಅಣೆಕಟ್ಟಿನ ಕೆಳಗೆ ಬೇಸಿಗೆಯಲ್ಲಿ ಮಕ್ಕಳು ಕ್ರಿಕೆಟ್ ಆಡುವುದನ್ನು ನಾವೆಲ್ಲ ನೋಡಿದ್ದೇವೆ. ಕಾಂಕ್ರೀಟ್ ಗಟ್ಟಿಯಾಗಿಯೇ ಇದೆ, ನೀರು ಮಾತ್ರ ಇಲ್ಲ. ವರ್ಷ ವರ್ಷ ಕಟ್ಟ ಹಾಕುವ ಊರಿನಲ್ಲಿ ಬಾಳಿಕೆ ಬರುವುದು ಆ ಊರ ಜನರ ಹೊಂದಿಕೆ. ಹಣ ಅದಕ್ಕೆ ಸಲ್ಲಬೇಕು.

ಹಣ ಬಂದರೆ ಶ್ರಮದಾನ ಸಾಯುತ್ತದೆ ಎಂದು ನಮ್ಮ ಹಿರಿಯರೊಬ್ಬರು ವಾದಿಸುತ್ತಾರೆ. ಆ ಭಯ ಸುಳ್ಳಲ್ಲ. ಕೂಲಿಗೆಂದು ಹಣ ಕೊಟ್ಟರೆ ಮರುವರ್ಷ ಕೂಲಿ ಇಲ್ಲದೆ ಯಾರೂ ತೋಡಿಗಿಳಿಯುವುದಿಲ್ಲ. ಹೆಚ್ಚು ಕೊಟ್ಟರೆ ಮಧ್ಯವರ್ತಿ ಬರುತ್ತಾನೆ. ಅದಕ್ಕೇ ಮೊತ್ತ ಸಣ್ಣದಿರಲಿ ಎನ್ನುತ್ತೇನೆ. ಹಾಳೆ, ಚೀಲ, ಸಾಗಾಟಕ್ಕೆ ಮಾತ್ರ ಅನುದಾನ. ಕೈ ಊರಿನದು, ಊಟ ಮನೆಗಳದು. ತೋಡಿನ ಎರಡೂ ದಂಡೆಯವರು ಸಹಿ ಹಾಕಿದರೆ ಮಾತ್ರ ಹಣ. ಆ ಸಹಿಗಳಲ್ಲಿ ಹೆಂಗಸರದ್ದು ಕಡ್ಡಾಯವಾಗಿ ಇರಲಿ, ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತೆಂದು ದಿನವೂ ಕಾಣುವವರು ನಾವು. ಲೆಕ್ಕಕ್ಕೆ ಅಂಗಡಿಯ ಬಿಲ್ಲು, ಕಟ್ಟದ ಫೋಟೋ, ಪಂಚಾಯಿತಿ ಫಲಕದಲ್ಲಿ ಒಂದು ಚೀಟಿ ಸಾಕು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಗ್ರಾಮ ಪಂಚಾಯಿತಿಯಲ್ಲೇ ಇದೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟನ್ನು ನಿರ್ಬಂಧಿತವೆಂದು ಇಟ್ಟಿತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಉಳಿದ ಶೇ 40 ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸುವ ಹಣವಾಗಿತ್ತು. ಮುಂದಿನ ಅನುದಾನಗಳಲ್ಲೂ ನೀರಿಗೆಂದು ಇಟ್ಟ ಮೊತ್ತದಿಂದ ಒಂದು ಪಾಲು ಕಟ್ಟಕ್ಕೆ ಸಲ್ಲಬೇಕು. ಇನ್ನೊಂದು ಕೊಳವೆಬಾವಿ ಕೊರೆಸುವ ಖರ್ಚಿನಲ್ಲಿ ಹಲವು ಕಟ್ಟಗಳಾಗುತ್ತವೆ, ಇರುವ ಬಾವಿಗಳಿಗೂ ನೀರು ಸಿಗುತ್ತದೆ.

ಕ್ರಿಯಾಯೋಜನೆಯಲ್ಲಿ ಹೆಸರಿಲ್ಲದ ಕೆಲಸಕ್ಕೆ ಪಂಚಾಯಿತಿ ಹಣ ಬಿಡುಗಡೆ ಮಾಡಲಾರದು. ಮುಂದಿನ ಸಾಲಿನ ಯೋಜನೆಯ ಗ್ರಾಮಸಭೆಗಳು ಅಕ್ಟೋಬರ್‌ನಿಂದ ನಡೆಯುತ್ತವೆ. ನಮ್ಮ ವಾರ್ಡಿನಿಂದ ನಾವು ಕಟ್ಟ ಹಾಕುವ ಜಾಗಗಳನ್ನು ತೋಡಿನ ಹೆಸರು, ದಂಡೆಯ ಮನೆಗಳ ಹೆಸರು ಸಮೇತ ಬರೆದು ಕೊಡುತ್ತಿದ್ದೇವೆ. ಪಕ್ಕದ ವಾರ್ಡಿನವರೂ ಬರೆದು ತಂದರೆ ಕಾರ್ಯದರ್ಶಿಯವರಿಗೆ ಇದನ್ನು ಬದಿಗಿಡುವುದು ಕಷ್ಟವಾಗುತ್ತದೆ.