ಗಿಡಕ್ಕ ಸ್ಟ್ರೆಸ್ ಆಗಬಾರದಂತ, ಕೂಲಿಯವಗ ಹತ್ತು ವರ್ಷ



ಸ್ವಲ್ಪ ಉದ್ದ ಆಗ್ತದ, ಆದ್ರೂ ಪೂರ್ತಿ ಓದ್ರಿ. ನಾಕು ದಿನದಿಂದ ತಲಿಯಾಗ ಕುಂತೈತಿ, ಬರೀದಿದ್ರ ನಿದ್ದಿ ಬರಂಗಿಲ್ಲ.

ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರುವ ಪರಿಚಯದ ಹುಡುಗನೊಬ್ಬ ಒಂದು ವಿಡಿಯೊ ಕಳಿಸಿದ. ‘ಅಣ್ಣಾ, ನೀವು ಹೊಲದ ಮಂದಿ, ನೋಡ್ರಿ ಹೆಂಗೈತಿ’ ಅಂದ. ವಿಡಿಯೊದಲ್ಲಿ ಒಂದು ಕೋಣೆ, ಕಪಾಟಿನಷ್ಟು ಟೆಂಟು, ಒಳಗೆ ಎಲ್‌ಇಡಿ ದೀಪ, ಸಣ್ಣ ಫ್ಯಾನು, ಕುಂಡದಲ್ಲಿ ಒಂದು ಗಾಂಜಾ ಗಿಡ. ಗ್ಲೌಸ್ ಹಾಕಿಕೊಂಡ ಒಬ್ಬಾತ ಎಳೆ ಕಾಂಡವನ್ನು ಮೆಲ್ಲಗೆ ಬಗ್ಗಿಸಿ ಮೆತ್ತನೆ ದಾರದಿಂದ ಕುಂಡದ ಅಂಚಿಗೆ ಕಟ್ಟುತ್ತಾನೆ. ಇದಕ್ಕೆ ‘ಲೋ ಸ್ಟ್ರೆಸ್ ಟ್ರೇನಿಂಗ್’ ಅಂತ ಹೆಸರು. ಕತ್ತರಿ ಹಾಕಂಗಿಲ್ಲ, ಗಾಯ ಮಾಡಂಗಿಲ್ಲ. ಗಿಡಕ್ಕ ಸ್ಟ್ರೆಸ್ ಆಗಬಾರದು. ಕೂಸಿಗೆ ಜುಟ್ಟು ಕಟ್ಟಿದಂಗ ಕಟ್ಟತಾನ.

ಇದರ ಹಿಂದಿನ ವಿದ್ಯೆ ಗುಟ್ಟೇನಲ್ಲ. ಗಿಡದ ತುದಿಕುಡಿಯಿಂದ ಆಕ್ಸಿನ್ ಅನ್ನುವ ಹಾರ್ಮೋನು ಕೆಳಗೆ ಇಳಿಯುತ್ತದೆ, ಅದು ಪಕ್ಕದ ಕುಡಿಗಳನ್ನು ಏಳಲು ಬಿಡುವುದಿಲ್ಲ. ತುದಿಯನ್ನು ಬಗ್ಗಿಸಿದರೆ ಅದರ ಯಜಮಾನಿಕೆ ಸಡಿಲಾಗ್ತದ, ಕೆಳಗಿನ ರೆಂಬೆಗೂ ಬೆಳಕು ಬೀಳ್ತದ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರ್ತಾವ. (ಮೇಲಿರೋರನ್ನ ಸ್ವಲ್ಪ ಬಗ್ಗಿಸಿದ್ರ ಕೆಳಗಿನವರು ಚಿಗುರ್ತಾರ ಅಂತ ಸಸ್ಯಶಾಸ್ತ್ರದವರು ಹೇಳಿದ್ರ ಯಾರಿಗೂ ಸಿಟ್ಟು ಬರಂಗಿಲ್ಲ. ನಾವು ಹೇಳಿದ್ರ ಬರ್ತದ.)

ನಮ್ಮವ್ವಗ ಆಕ್ಸಿನ್ ಗೊತ್ತಿಲ್ಲ. ಆದ್ರ ಮಂದಿ ಹೊಲದಾಗ ಕೂಲಿಗೆ ಹೋದಾಗ ಕಡ್ಲಿ ಕುಡಿ ಚಿವುಟಿ ಉಡಿ ತುಂಬ್ಕೊಂಡು ಬರ್ತಿದ್ಲು, ಪಲ್ಯಕ್ಕ. ಚಿವುಟಿದಷ್ಟೂ ಕವಲು ಒಡೀತದ ಅಂತ ಹೊಲದ ಮಾಲೀಕನೂ ಸುಮ್ಮನಿರ್ತಿದ್ದ. ತೊಗರಿ ಕುಡಿ ಚಿವುಟ್ರಿ, ಕಾಯಿ ಹೆಚ್ಚು ಕಟ್ಟತಾವ ಅಂತ ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದವರೂ ಹೇಳ್ತಾರ. ನೂರಾರು ಎಕರೆಯಲ್ಲಿ ಬಗ್ಗಿ ಬಗ್ಗಿ ಕುಡಿ ಚಿವುಟಿದ ಹೆಣ್ಮಕ್ಕಳ ಸೊಂಟಕ್ಕೆ ಯಾವ ಟ್ರೇನಿಂಗ್ ಅಂತ ಯಾರೂ ಹೆಸರಿಟ್ಟಿಲ್ಲ. ಆ ವಿಡಿಯೊ ನೋಡಿ ನನಗೆ ಮೊದಲು ನಗು ಬಂತು. ಆಮೇಲೆ ಬಂದದ್ದು ನಗು ಅಲ್ಲ.

ಯಾಕಂದ್ರ ಅದೇ ವಾರ ದೇವದುರ್ಗದ ಕಡೆಯಿಂದ ಒಬ್ಬ ಹೆಣ್ಮಗಳು ರಾಯಚೂರು ಕೋರ್ಟಿನ ಮುಂದೆ ನನ್ನ ಹುಡುಕ್ಕೊಂಡು ಬಂದಿದ್ಲು. ಊರ ಹೆಸರು, ಗಂಡನ ಹೆಸರು ಬರಿಯಲ್ಲ, ಕೇಸು ನಡೀತೈತಿ. ನಮ್ಮ ಕೇರಿಯವರೇ. ಒಂದು ಗುಂಟೆ ಸ್ವಂತ ಭೂಮಿ ಇಲ್ಲ. ಗಂಡ ಮಂದಿ ಹೊಲ ಕಾಯೋ ಆಳು. ಹತ್ತಿ, ತೊಗರಿ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕವು. ಬೀಜ ಯಾರು ತಂದ್ರು, ಮಾಲು ಯಾರ ಗಾಡಿಯಲ್ಲಿ ಹೋಗಬೇಕಿತ್ತು ಅನ್ನೋದು ಊರಿಗೆಲ್ಲಾ ಗೊತ್ತು, ಎಫ್‌ಐಆರ್‌ಗೆ ಮಾತ್ರ ಗೊತ್ತಿಲ್ಲ. ಎ-1 ಅವನೇ, ಎ-2 ಇಲ್ಲವೇ ಇಲ್ಲ.

ಆಕಿ ಹೇಳಿದ್ದು ಇಷ್ಟೇ: ‘ಯಣ್ಣಾ, ಆ ಗಿಡಕ್ಕೂ ನೀರು ಬಿಡು ಅಂದ್ರು, ಬಿಟ್ಟಾನ. ಹೊಲದಾಗಿನ ಗಿಡಕ್ಕ ನೀರು ಬಿಡಂಗಿಲ್ಲ ಅನ್ನಾಕ ಅವ ಯಾರು?’

ನೀವೆಲ್ಲ ಆ ಫೋಟೊ ನೋಡೀರಿ. ಅವನದ್ದೇ ಅಂತಲ್ಲ, ವರ್ಷಾ ಮುಂಗಾರು ಮುಗಿಯೋ ಹೊತ್ತಿಗೆ ಪೇಪರಿನ ಜಿಲ್ಲಾ ಪುಟದಲ್ಲಿ ಬರೋ ಫೋಟೊ. ಕಿತ್ತು ರಾಶಿ ಹಾಕಿದ ಹಸಿ ಗಿಡ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಒಬ್ಬ ಬಡಪಾಯಿ, ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು. ಬೆಂಗಳೂರಿನ ಟೆಂಟಿನ ಗಿಡದ ಫೋಟೊದಲ್ಲಿ ಬೆಳೆದವನ ಮುಖ ಇರಂಗಿಲ್ಲ, ಬರೇ ಗ್ಲೌಸ್ ಹಾಕಿದ ಕೈ. ನಮ್ಮವನ ಫೋಟೊದಲ್ಲಿ ಮುಖ, ಹೆಸರು, ವಯಸ್ಸು, ಊರು ಎಲ್ಲಾ ಇರ್ತದ.

ಈಗ ಕಾನೂನಿಗೆ ಬರೋಣ. ಎನ್‌ಡಿಪಿಎಸ್ ಕಾಯ್ದೆ, 1985. ಇದರ 20(ಎ) ಕಲಂ ಪ್ರಕಾರ ಗಾಂಜಾ ಗಿಡ ಬೆಳೆದರೆ 10 ವರ್ಷದ ತನಕ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿ ತನಕ ದಂಡ. ಮಾಲು ಇಟ್ಟುಕೊಂಡು ಸಿಕ್ಕರೆ ‘ಸಣ್ಣ ಪ್ರಮಾಣ’ ಅಂತ ಒಂದು ರಿಯಾಯಿತಿ ಇದೆ, ಗಾಂಜಾಕ್ಕೆ ಅದು 1 ಕೆ.ಜಿ. ತನಕ, ಶಿಕ್ಷೆ ಹೆಚ್ಚೆಂದರೆ 1 ವರ್ಷ. ಬೆಳೆದವನಿಗೆ ಆ ಮೆಟ್ಟಿಲೇ ಇಲ್ಲ. ಕುಂಡದಾಗ ಒಂದು ಗಿಡ ಇದ್ರೂ ಅದೇ ಕಲಂ, ಎಕರೆಗಟ್ಟಲೆ ಇದ್ರೂ ಅದೇ ಕಲಂ. ಅಂದ್ರ ದಾರ ಕಟ್ಟಿದ ಹುಡುಗ, ನೀರು ಬಿಟ್ಟ ಆಳು, ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ. ಪೊಲೀಸರ ಕಣ್ಣಿಗೆ ಒಂದಲ್ಲ. ಒಬ್ಬ ಅಪಾರ್ಟ್‌ಮೆಂಟಿನ ಬಾಗಿಲ ಹಿಂದೆ ಅದಾನ, ಇನ್ನೊಬ್ಬ ಬಯಲಾಗ ಅದಾನ.

ಇನ್ನೊಂದು ಆಟ ತೂಕದ್ದು. ಕಾಯ್ದೆಯೇ ಹೇಳುವಂತೆ ಗಾಂಜಾ ಅಂದರೆ ಹೂ ಬಿಟ್ಟ ಅಥವಾ ಕಾಯಿ ಬಿಟ್ಟ ತುದಿ. ಆ ತುದಿಯ ಜೊತೆ ಇಲ್ಲದ ಬೀಜ, ಎಲೆ ಲೆಕ್ಕಕ್ಕಿಲ್ಲ. ಭಂಗಿ ಈ ಕಾಯ್ದೆಯ ಪಟ್ಟಿಯಲ್ಲಿ ಇಲ್ಲ ಅಂತ ನಮ್ಮ ಹೈಕೋರ್ಟೇ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದೆ. ಆದ್ರ ಹೊಲದಾಗ ಏನು ಮಾಡ್ತಾರ? ಗಿಡ ಬೇರು ಸಮೇತ ಕೀಳ್ತಾರ, ಬೇರು, ದಂಟು, ಎಲೆ, ಹಸಿ ನೀರು, ಬೇರಿಗಂಟಿದ ಎರೆಮಣ್ಣು ಎಲ್ಲಾ ಕೂಡಿಸಿ ತೂಗ್ತಾರ. 20 ಕೆ.ಜಿ. ದಾಟಿದರೆ ‘ವಾಣಿಜ್ಯ ಪ್ರಮಾಣ’ ಅನ್ನೋ ವಾದ ಶುರು. ಆಗ 37ನೇ ಕಲಂ ಅಡ್ಡ ಬರ್ತದ, ಜಾಮೀನು ಕಬ್ಬಿಣದ ಕಡಲೆ. ಚಾರ್ಜ್‌ಶೀಟ್ ಹಾಕಾಕ 180 ದಿನ. ಮಣ್ಣಿನ ತೂಕಕ್ಕೆ ಜೈಲು ಅನುಭವಿಸೋದು ಅಂದ್ರ ಇದೇ. ಇದನ್ನು ಪ್ರಶ್ನೆ ಮಾಡಿ ಜಾಮೀನು ತಗೊಂಡವರು ಇದ್ದಾರೆ, ಒಳ್ಳೆ ವಕೀಲರು ಸಿಕ್ಕವರು.

ಇದೇ ಕಾಯ್ದೆಯ 46ನೇ ಕಲಂ ಯಾರಾದ್ರೂ ಓದೀರೇನು? ತನ್ನ ಭೂಮಿಯಲ್ಲಿ ಅಕ್ರಮವಾಗಿ ಗಾಂಜಾ ಬೆಳೆದದ್ದನ್ನು ಕೂಡಲೇ ತಿಳಿಸುವುದು ಭೂಮಿ ಹಿಡಿದವನ ಕರ್ತವ್ಯ, ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ. 47ನೇ ಕಲಂ ಪ್ರಕಾರ ಸರ್ಕಾರಿ ನೌಕರ, ಪಂಚಾಯ್ತಿಯವರು, ಗ್ರಾಮ ಅಧಿಕಾರಿ ಎಲ್ಲರಿಗೂ ತಿಳಿದ ಕೂಡಲೇ ವರದಿ ಮಾಡೋ ಹೊಣೆ ಇದೆ. ಬೆಳೆ ಸಮೀಕ್ಷೆಗೆ ಹೊಲ ಹೊಲ ತಿರುಗಿ ಮೊಬೈಲಲ್ಲಿ ಫೋಟೊ ತೆಗೀತಾರ. ಆಳೆತ್ತರದ ಗಿಡ ಅವರ ಕಣ್ಣಿಗೂ ಬೀಳಲಿಲ್ಲ, ಮಾಲೀಕನ ಕಣ್ಣಿಗೂ ಬೀಳಲಿಲ್ಲ, ನೀರು ಬಿಟ್ಟವನ ಕಣ್ಣಿಗೆ ಮಾತ್ರ ಬಿತ್ತಾ?

ಮಾನ್ವಿ ಕಡೆಯ ಒಂದು ಮಾತು ಹೇಳ್ತೀನಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿ, ನೀರು ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಅಲ್ಲೊಬ್ಬ ಮಾದಿಗರ ಹುಡುಗ ಬಾಯಿ ಮಾತಿನ ಮೇಲೆ ಲಾವಣಿಗೆ ಹೊಲ ಮಾಡ್ತಿದ್ದ. ಬರಗಾಲ ಬಿದ್ದ ವರ್ಷ ಬೆಳೆ ಪರಿಹಾರ ಬಂತು. ಪಹಣಿ ಕಾಲಂ 9ರಲ್ಲಿ ಮಾಲೀಕನ ಹೆಸರು, ಕಾಲಂ 12ರಲ್ಲಿ ಸಾಗುವಳಿದಾರ ಅಂತಲೂ ಅವನ ಹೆಸರೇ. ದುಡ್ಡು ಅವನ ಖಾತೆಗೆ. ‘ಲಾವಣಿನಾ? ಯಾವ ಲಾವಣಿ?’ ಅಂದ ಮಾಲೀಕ. ಅದಾದ ಮೇಲೆ ಅದೇ ಹೊಲದ ಬದುವಿನಲ್ಲಿ ಗಾಂಜಾ ಗಿಡ ಸಿಕ್ಕವು. ಆಗ ಅದೇ ಮಾಲೀಕ ಸ್ಟೇಷನ್ನಿನಲ್ಲಿ ಏನಂದ ಗೊತ್ತೇನ್ರಿ? ‘ಹೊಲ ನಾನು ಮಾಡಲ್ಲ ಸಾರ್, ಅವನಿಗೆ ಲಾವಣಿ ಕೊಟ್ಟೀನಿ.’

ಪರಿಹಾರ ಬಂದಾಗ ನಾವು ಹೊಲದಾಗ ಇರಂಗಿಲ್ಲ. ಕೇಸು ಬಂದಾಗ ಹೊಲದಾಗ ನಾವಷ್ಟೇ ಇರ್ತೀವಿ. ನಾನು ಹೇಳಬೇಕಾದ್ದು ಇದೊಂದೇ, ಉಳಿದದ್ದೆಲ್ಲ ಇದರ ಸುತ್ತಲೇ.

ತಿಂಥಣಿ ಬ್ರಿಡ್ಜ್ ನಮ್ಮ ದೇವದುರ್ಗ ತಾಲೂಕಿನಾಗ, ಹೊಳಿ ದಾಟಿದ್ರ ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರ. ಜನವರಿ ಜಾತ್ರೆಯಲ್ಲಿ ಅಲ್ಲಿ ಗಾಂಜಾ ಪ್ರಸಾದವಾಗಿ ಸಿಗ್ತದ ಅಂತ 2020ರಲ್ಲಿ ಇಂಗ್ಲಿಷ್ ಪೇಪರಿನವರು ಬರೆದರು. ಶರಣ, ಅವಧೂತ, ಆರೂಢ ಪರಂಪರೆ ಅಂತ ಗೌರವದಿಂದಲೇ ಬರೆದರು. ಆ ಗೌರವಕ್ಕೆ ನನ್ನ ತಕರಾರಿಲ್ಲ. ಮೌನೇಶ್ವರ ಹಿಂದೂ-ಮುಸ್ಲಿಂ, ಮೇಲು-ಕೀಳು ಅನ್ನದೆ ಎಲ್ಲರೂ ನಡಕೊಳ್ಳೋ ದೇವರು, ನಮ್ಮ ಮಂದಿಯೂ ಹೋಗ್ತಾರ. ಅದೇ 2020ರ ಸೆಪ್ಟೆಂಬರಿನಾಗ ಸಿನಿಮಾದವರ ಡ್ರಗ್ಸ್ ಕೇಸು ಟಿವಿಯಲ್ಲಿ ರಾತ್ರಿ ಹಗಲು ಓಡ್ತಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯಿತು. 27-25 ಮತ, ತೆಗೆಯಿರಿ ಅಂದವರಲ್ಲಿ ಭಾರತವೂ ಇತ್ತು. ಹಾಗಾದ್ರ ಒಂದೇ ಗಿಡ ಮಠದಾಗ ಪ್ರಸಾದ, ಟಿವಿಯಾಗ ಟಿಆರ್‌ಪಿ, ವಿಯೆನ್ನಾದಾಗ ಔಷಧಿ, ಬೆಂಗಳೂರಾಗ ಹವ್ಯಾಸ. ನಮ್ಮ ಕೇರಿಗೆ ಬಂದಾಗ ಮಾತ್ರ 20(ಎ).

ಈಗ ಕಮೆಂಟಿನಲ್ಲಿ ಬರೋ ಪ್ರಶ್ನೆಗೆ ಮೊದಲೇ ಉತ್ತರ. ನಾನು ಗಾಂಜಾ ಪರ ವಕಾಲತ್ತು ಮಾಡಾಕತ್ತಿಲ್ಲ. ರಾಯಚೂರು ಸಿಟಿಯ ಸ್ಲಂಗಳಲ್ಲಿ ಸಿ.ಎಚ್. ಪೌಡರ್ ಬೆರೆಸಿದ ಸೇಂದಿ ಏನು ಮಾಡೈತಿ ಅಂತ ನನ್ನ ಕಣ್ಣಾರೆ ನೋಡೀನಿ. ಕೈ ನಡುಗದೆ ಕೂಲಿಗೆ ಹೋಗಲಾರದ ಗಂಡಸರು, ಬೆಳಗಾಗೋದ್ರೊಳಗ ಪಾಕೀಟು ಹುಡುಕೋರು. ಹಳ್ಳಿ ಕಿರಾಣಿ ಅಂಗಡಿಯಾಗ ಸಾರಾಯಿ ಮಾರಬ್ಯಾಡ್ರಿ ಅಂತ ಪೊರಕೆ ಹಿಡಿದು ನಿಂತವರು ನಮ್ಮ ಅವ್ವಂದಿರೇ. ನಶೆ ನಮ್ಮ ಕೇರಿಯನ್ನ ಮೊದಲು ತಿಂತದ, ಅದು ನನಗ ಗೊತ್ತು. ಹದಿನಾರರ ಹುಡುಗ ಸೇದಿ ಶಾಲೆ ಬಿಟ್ಟರೆ ನನಗೂ ಹೊಟ್ಟೆ ಉರೀತದ. ಆದ್ರ ಆ ಹುಡುಗಗ ಬೇಕಾದ್ದು ಡಾಕ್ಟರು, ಕೌನ್ಸೆಲಿಂಗ್, ಓದು. ಇದೇ ಕಾಯ್ದೆಯ 64ಎ ಕಲಂ ಚಟಕ್ಕೆ ಬಿದ್ದವರು ಚಿಕಿತ್ಸೆಗೆ ಒಪ್ಪಿದರೆ ರಕ್ಷಣೆ ಕೊಡ್ತದ. ನಮ್ಮ ಹುಡುಗರ ಮಟ್ಟಿಗೆ ಆ ಕಲಂ ಉಪಯೋಗಿಸಿದ್ದು ನಾನು ನೋಡಿಲ್ಲ.

‘ಲೀಗಲೈಸ್ ಮಾಡಿ’ ಅಂತ ಪೋಸ್ಟ್ ಹಾಕುವ ನಗರದ ಗೆಳೆಯರಿಗೂ ಒಂದು ಮಾತು. ಅಮೆರಿಕದ ಎಸಿಎಲ್‌ಯು ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತು: ಗಾಂಜಾ ಬಳಸೋದು ಕರಿಯರು, ಬಿಳಿಯರು ಹೆಚ್ಚುಕಡಿಮೆ ಸಮವೇ, ಬಂಧನ ಆಗೋದು ಮಾತ್ರ ಕರಿಯರು ಸುಮಾರು 3.6 ಪಟ್ಟು ಹೆಚ್ಚು. ಅಲ್ಲಿ ಕಾನೂನು ಸಡಿಲಾದ ಮೇಲೆ ಅಂಗಡಿ ತೆರೆದವರು ಬಹುಪಾಲು ದುಡ್ಡಿದ್ದ ಬಿಳಿಯರು. ಜೈಲಿಗೆ ಹೋಗಿಬಂದವರಿಗೂ ಲೈಸೆನ್ಸಿನಲ್ಲಿ ಪಾಲು ಬೇಕು ಅಂತ ಹೋರಾಟ ಮಾಡಿ, ಓಕ್‌ಲೆಂಡ್ ನಗರದಂಥ ಕಡೆ 2017ರಲ್ಲಿ ಪ್ರತ್ಯೇಕ ಯೋಜನೆ ತರಿಸಬೇಕಾಯ್ತು. ನಮ್ಮಲ್ಲಿ ಉತ್ತರಾಖಂಡ 2018ರಿಂದ ನಾರಿಗಾಗಿ ಬೆಳೆಯೋ ಸೆಣಬಿನಂಥ ತಳಿಗೆ ಲೈಸೆನ್ಸ್ ಕೊಡ್ತೈತಿ. ನಾಳೆ ಕರ್ನಾಟಕದಲ್ಲೂ ಬಂತು ಅಂತ ಇಟ್ಕೊಳ್ರಿ. ಲೈಸೆನ್ಸಿಗೆ ಮೊದಲು ಕೇಳೋ ಕಾಗದ ಯಾವುದು? ಪಹಣಿ. ಮತ್ತೆ ಕಾಲಂ 9. ಗಿಡ ಅಪರಾಧ ಆಗಿದ್ದಾಗ ಜೈಲು ನಮಗೆ, ವ್ಯಾಪಾರ ಆದಾಗ ಲಾಭ ಅವರಿಗೆ. ನಿಮ್ಮ ಪೋಸ್ಟಿನಲ್ಲಿ ಹಳೇ ಕೇಸು ವಾಪಸ್ ತಗೊಳ್ಳೋ ಮಾತು, ಭೂಹೀನರ ಮಾತು ಒಂದು ಸಾಲಾದರೂ ಇದ್ರ ನಾನೂ ಶೇರ್ ಮಾಡ್ತೀನಿ. ಆ ವಿಡಿಯೊ ಕಳಿಸಿದ ತಮ್ಮನಿಗೂ ಇದನ್ನೇ ಹೇಳೀನಿ. ಅವನನ್ನ ಹಿಡೀಲಿ ಅಂತ ನನಗಿಲ್ಲ. ಅವನಿಗೆ ಸಿಗೋ ಕಣ್ಣುಮುಚ್ಚಾಟ ನಮ್ಮವನಿಗೂ ಸಿಗಬೇಕು, ಇಲ್ಲಾ ಇಬ್ಬರಿಗೂ ಒಂದೇ ನ್ಯಾಯ ಬರಬೇಕು.

ಜಿಲ್ಲೆಯ ಪೊಲೀಸ್ ಮತ್ತು ಅಬಕಾರಿ ಇಲಾಖೆಗೆ ನಮ್ಮ ಒತ್ತಾಯ: ಹೊಲದಲ್ಲಿ ಗಿಡ ಸಿಕ್ಕ ದಿನವೇ ಆ ಸರ್ವೆ ನಂಬರಿನ ಪಹಣಿ ಫೈಲಿಗೆ ಸೇರಿಸಿ. 46ನೇ ಕಲಂ ಅಡಿ ಮಾಲೀಕನನ್ನು ವಿಚಾರಿಸಿ, ವಿಚಾರಿಸಿದ್ದನ್ನು ಬರೆದಿಡಿ. ತುದಿ ಬೇರೆ, ದಂಟು ಬೇರೆ ಮಾಡಿ ತೂಗಿ. ಕುಕ್ಕರಗಾಲಲ್ಲಿ ಕೂಡಿಸಿ ಫೋಟೊ ತೆಗೆಯೋದು ನಿಲ್ಲಿಸಿ, ಅವನಿನ್ನೂ ಆರೋಪಿ.

ನಮ್ಮ ಹುಡುಗರಿಗೆ: ಯಾವ ಧಣಿ, ಯಾವ ಸಾವ್ಕಾರ ಬಂದು ‘ಹತ್ತಿ ಸಾಲಿನಾಗ ನಾಕು ಬೀಜ ಊರು, ನಾ ನೋಡ್ಕೊತೀನಿ’ ಅಂದ್ರೂ ಬ್ಯಾಡ ಅನ್ರಿ. ಅವ ನೋಡ್ಕೊಳ್ಳೋದು ತನ್ನ ಹೆಸರು ಬರದಂಗ. ಲಾವಣಿ ಮಾಡೋದಾದ್ರ ಒಂದು ಕಾಗದ ಮಾಡಿಸ್ರಿ, ಎಷ್ಟೇ ಬೈದ್ರೂ. ಸ್ಟೇಷನ್ನಿಗೆ ಕರೆದ್ರ ಓದದೆ ಸಹಿ, ಹೆಬ್ಬೆಟ್ಟು ಹಾಕಬ್ಯಾಡ್ರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಮಕ್ಕಳಿಗೆ, ಕಸ್ಟಡಿಯಲ್ಲಿರೋ ಯಾರಿಗೇ ಆಗಲಿ, ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗಬೇಕು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 12ನೇ ಕಲಂ. ಸಹಾಯವಾಣಿ 15100. ಈ ನಂಬರು ಬರಕೊಂಡು ಮನೆ ಗೋಡೆಗೆ ಹಚ್ರಿ.

ದೇವದುರ್ಗದ ಆ ಹೆಣ್ಮಗಳ ಗಂಡನ ಜಾಮೀನು ಅರ್ಜಿ ಬರೋ ಸೋಮವಾರ ಐತಿ. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿ, ಸಣ್ಣ ಕೂಸು ಎತ್ಕೊಂಡು ಆಕಿ ಬರ್ತಾಳ. ಆ ಸರ್ವೆ ನಂಬರಿನ ಪಹಣಿ ನಾನು ತೆಗೆಸೀನಿ, ಕಾಲಂ 12ರಲ್ಲಿ ಆಕಿ ಗಂಡನ ಹೆಸರಿಲ್ಲ. ಎನ್‌ಡಿಪಿಎಸ್ ಕೇಸು ನಡೆಸಿದ ಅನುಭವ ಇರೋ ವಕೀಲ ಮಿತ್ರರು ಯಾರಾದ್ರೂ ರಾಯಚೂರಾಗ ಇದ್ರ ಇನ್‌ಬಾಕ್ಸಿಗೆ ಬರ್ರಿ. ಬೆಳಗ್ಗೆ ಹತ್ತಕ್ಕ ನಾನು ಕೋರ್ಟ್ ಗೇಟ್ ಹತ್ತಿರ ಇರ್ತೀನಿ.

ಜೈ ಭೀಮ್.