ಸ್ವಲೀನತೆಯ ಮಗು: ಹೊಣೆ ಯಾರದು?

ಮದುವೆಯ ಮನೆಯೊಂದರಲ್ಲಿ ನಾವು ಕಂಡ ಸಂಗತಿಯಿದು. ಮುಹೂರ್ತದ ಹೊತ್ತಾಗಿ ಗಟ್ಟಿಮೇಳ ಮೊಳಗಿತು. ಎಲ್ಲರೂ ಅಕ್ಷತೆಗಾಗಿ ಕೈಯೆತ್ತಿರುವಾಗ ಆರು ವರ್ಷದ ಹುಡುಗನೊಬ್ಬನು ಕಿವಿಗಳೆರಡನ್ನೂ ಬಿಗಿಯಾಗಿ ಮುಚ್ಚಿಕೊಂಡು, ನೆಲಕ್ಕೆ ಬಿದ್ದು ಚೀರತೊಡಗಿದನು. ಅವನ ತಾಯಿ ಅವನನ್ನು ಎತ್ತಿಕೊಂಡು ಊಟದ ಮನೆಯ ಹಿಂಬದಿಗೆ ಓಡಿದರು. ಆಗ ಹಿರಿಯರೊಬ್ಬರು, ಆಕೆಗೆ ಕೇಳಿಸುವಂತೆಯೇ, “ಮುದ್ದು ಹೆಚ್ಚಾಯಿತು, ಎರಡು ಏಟು ಬಿದ್ದಿದ್ದರೆ ಸರಿಹೋಗುತ್ತಿದ್ದ” ಎಂದರು. ಅಕ್ಕಪಕ್ಕದವರು ತಲೆದೂಗಿದರು. ನಾವೂ ಸುಮ್ಮನಿದ್ದೆವು. ಅಂದು ಆಡದೆ ಉಳಿದ ಮಾತನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇವೆ.

ಆ ಹುಡುಗನದು ಹಟವಲ್ಲ. ಅವನು ಸ್ವಲೀನತೆಯ ಮಗು. ಇಂಗ್ಲಿಷಿನ ‘ಆಟಿಸಮ್’ ಎಂಬ ಮಾತಿಗೆ ಸಂವಾದಿಯಾಗಿ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತೇವೆ. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ‘ತಾನು’. ಹೆಸರನ್ನು ಕೇಳಿದವರಿಗೆ ಈ ಮಗು ಬೇಕೆಂದೇ ತನ್ನೊಳಗೆ ಮುಳುಗಿದೆಯೆಂದು ತೋರಬಹುದು. ಹಾಗೆಂದು ಭಾವಿಸಕೂಡದು. ಹುಟ್ಟುವುದಕ್ಕೆ ಮೊದಲೇ ಮಿದುಳು ಬೇರೊಂದು ಬಗೆಯಲ್ಲಿ ಬೆಳೆಯತೊಡಗುವುದೇ ಸ್ವಲೀನತೆಯ ಮೂಲ. ಇಂಥ ಮಕ್ಕಳಲ್ಲಿ ಹಲವರಿಗೆ ನಮಗೆ ಸಹಜವೆನಿಸುವ ಸದ್ದು, ಬೆಳಕು, ಸ್ಪರ್ಶಗಳು ಸಹಿಸಲಾಗದಷ್ಟು ತೀವ್ರವಾಗಿ ತಟ್ಟುತ್ತವೆ. ನಮಗೆ ಮಂಗಳಕರವಾದ ಗಟ್ಟಿಮೇಳ ಅವನಿಗೆ ಕಿವಿಯೊಳಗಿನ ನೋವು. ನೋವಿಗೆ ಏಟು ಮದ್ದಾಗುವುದೆ?

ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ಸ್ಪಷ್ಟವಾಗಿ ಗುರುತಿಸಿ ಇನ್ನೂ ನೂರು ವರ್ಷಗಳಾಗಿಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ವರ್ಣನೆಯನ್ನು ಕೊಟ್ಟನು. ಆದರೆ ರೋಗಕ್ಕೆ ಹೆಸರು ದೊರೆತೊಡನೆ ಆರೋಪಿಯನ್ನು ಹುಡುಕುವ ಕೆಲಸವೂ ಮೊದಲಾಯಿತು. ತಾಯಿಯ ಹೃದಯ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂಬ ವಾದ ಹಬ್ಬಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಇದನ್ನೇ ದೊಡ್ಡ ಗ್ರಂಥವಾಗಿ ಬರೆದನು. ಸಾವಿರಾರು ತಾಯಂದಿರು ತಾವು ಮಾಡದ ಅಪರಾಧಕ್ಕಾಗಿ ಕಣ್ಣೀರಿಟ್ಟರು.

ಈ ವಾದ ಬಿದ್ದುದು ಹೇಗೆ? ವಿದ್ಯಾರ್ಥಿಗಳು ಇದನ್ನು ಗಮನಿಸತಕ್ಕದ್ದು. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ ಎಂಬ ಸಂಶೋಧಕರು 1977ರಲ್ಲಿ ಇಪ್ಪತ್ತೊಂದು ಅವಳಿ ಜೋಡಿಗಳ ಅಧ್ಯಯನವನ್ನು ಪ್ರಕಟಿಸಿದರು. ಪ್ರತಿಯೊಂದು ಜೋಡಿಯಲ್ಲಿಯೂ ಒಬ್ಬರಿಗಾದರೂ ಸ್ವಲೀನತೆ ಇದ್ದಿತು. ಒಂದೇ ಅಂಡದಿಂದ ಹುಟ್ಟಿದ ಹನ್ನೊಂದು ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರೂ ಸ್ವಲೀನರಾಗಿದ್ದರು. ಎರಡು ಅಂಡಗಳಿಂದ ಹುಟ್ಟಿದ ಹತ್ತು ಜೋಡಿಗಳ ಪೈಕಿ ಒಂದರಲ್ಲಿಯೂ ಹಾಗಿರಲಿಲ್ಲ. ಎರಡು ಬಗೆಯ ಅವಳಿಗಳೂ ಒಬ್ಬಳೇ ತಾಯಿಯ ಮಡಿಲಲ್ಲಿ, ಒಂದೇ ಕಾಲದಲ್ಲಿ ಬೆಳೆದವರು. ತಾಯಿಯ ನಡತೆಯೇ ಕಾರಣವಾಗಿದ್ದರೆ ಎರಡು ಗುಂಪುಗಳಲ್ಲಿ ಇಷ್ಟು ಅಂತರವಿರಬೇಕಾಗಿರಲಿಲ್ಲ. ಸಂಖ್ಯೆ ಚಿಕ್ಕದು, ನಿಜ; ಆದರೆ ಮುಂದಿನ ದೊಡ್ಡ ಅಧ್ಯಯನಗಳೂ ಅನುವಂಶೀಯತೆಯ ಕಡೆಗೇ ಬೆರಳು ತೋರಿದುವು. ಒಂದು ಕಾಲದಲ್ಲಿ ತಂದೆತಾಯಿಗಳನ್ನು ಶಂಕಿಸಿದ್ದ ಕ್ಯಾನರನೇ 1969ರಲ್ಲಿ, ಪೋಷಕರ ಸಭೆಯೊಂದರಲ್ಲಿ, ಅವರು ನಿರ್ದೋಷಿಗಳೆಂದು ಸಾರಿದನು. ಶಾಸ್ತ್ರವು ತನ್ನ ತಪ್ಪನ್ನು ತಿದ್ದಿಕೊಂಡಿತು. ನಮ್ಮ ಮದುವೆಮನೆಗಳು ಇನ್ನೂ ತಿದ್ದಿಕೊಂಡಿಲ್ಲ.

ಹಾಗಾದರೆ ಇಂಥ ಮಗುವನ್ನು ಬೆಳೆಸುವ ಬಗೆ ಯಾವುದು? ಕ್ಯಾನರನ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನ ಕಥೆಯೇ ಇದಕ್ಕೆ ಉತ್ತರ ಕೊಡುತ್ತದೆ. ಅವನು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಹುಡುಗನಾಗಿದ್ದಾಗ ಅವನನ್ನು ಕೆಲವು ಕಾಲ ಒಕ್ಕಲು ದಂಪತಿಗಳ ಮನೆಯಲ್ಲಿ ಇರಿಸಿದ್ದರು. ಅವನಿಗೆ ಅಳತೆಯ ಗೀಳು, ಎಣಿಕೆಯ ಗೀಳು. ಆ ರೈತನು ಬೈಯಲಿಲ್ಲ, ತಡೆಯಲೂ ಇಲ್ಲ. ಬಾವಿಯೊಂದನ್ನು ತೋಡಿ ಅದರ ಆಳವನ್ನು ಅಳೆದು ಹೇಳೆಂದನು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ ಹುಡುಗನ ಕೈಗೆ ನೇಗಿಲನ್ನು ಕೊಟ್ಟು, ಉಳುತ್ತಲೇ ಎಣಿಸೆಂದನು. ಹುಡುಗನು ಕುದುರೆಯನ್ನು ತಿರುಗಿಸಿಕೊಂಡು ನೇರವಾಗಿ ಸಾಲು ಹೊಡೆಯುವುದನ್ನು ಕ್ಯಾನರನು ಕಣ್ಣಾರೆ ಕಂಡನು. ಊರಿನ ಶಾಲೆಯೂ ಅವನ ವೈಚಿತ್ರ್ಯಗಳನ್ನು ಸಹಿಸಿಕೊಂಡಿತು. ಡೊನಾಲ್ಡ್ 1958ರಲ್ಲಿ ಪದವೀಧರನಾಗಿ, ಬ್ಯಾಂಕಿನಲ್ಲಿ ದುಡಿದು, ಕಾರು ನಡೆಸಲು ಕಲಿತು, ದೇಶವಿದೇಶಗಳನ್ನು ಸುತ್ತಿ, 2023ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನ ಮನೆಯವರು ಸಿರಿವಂತರಾಗಿದ್ದರೆಂಬುದನ್ನು ಮರೆಮಾಚಬಾರದು. ಎಲ್ಲ ಮಕ್ಕಳೂ ಡೊನಾಲ್ಡನಂತೆ ಆಗುವರೆಂದು ಹೇಳುವುದೂ ಸಲ್ಲದು. ಕೆಲವರು ಜೀವಮಾನವಿಡೀ ಮಾತನಾಡರು. ಕೆಲವರಿಗೆ ಊಟ, ಸ್ನಾನಗಳಿಗೂ ಇನ್ನೊಬ್ಬರ ಕೈ ಬೇಕು. ಆದರೂ ಆ ರೈತನ ನೀತಿ ಎಲ್ಲರಿಗೂ ಸಲ್ಲುತ್ತದೆ: ಮಗುವಿನ ಒಲವನ್ನು ಕೀಳಬಾರದು, ಅದಕ್ಕೆ ಕೆಲಸ ಕೊಡಬೇಕು. ಮಾತು ಬಾರದ ಮಗುವಿಗೆ ಚಿತ್ರಗಳನ್ನು ತೋರಿಸಿ ಕೇಳಿಕೊಳ್ಳಲು ಕಲಿಸಬಹುದು. ಅನಿರೀಕ್ಷಿತಕ್ಕೆ ಹೆದರುವ ಮಗುವಿಗೆ ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಗೋಡೆಗೆ ಅಂಟಿಸಿ, ಮುಂದೇನೆಂಬುದನ್ನು ತಿಳಿಸಬಹುದು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗಿ ನೋಡದ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿನಿಂದ ತೋರಿಸದ ಮಗುವನ್ನು, “ತಡವಾಗಿ ಮಾತು ಬರುತ್ತದೆ ಬಿಡಿ” ಎಂದು ಕಾಯದೆ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇವೆ.

ಸ್ವಲೀನತೆಯನ್ನು ಇಲ್ಲವಾಗಿಸುವ ಔಷಧ ಯಾವುದೂ ಇಲ್ಲ. ಇದೆಯೆನ್ನುವವರು ತಾಯಿಯ ಒಡವೆಯನ್ನು ಅಡವಿಡಿಸುವವರು. ಕೆಲವೊಮ್ಮೆ ಹೋಗುವುದು ಹಣ ಮಾತ್ರವಲ್ಲ: ರಕ್ತದಿಂದ ಲೋಹವನ್ನು ತೆಗೆಯುತ್ತೇವೆಂಬ ಚಿಕಿತ್ಸೆಯಲ್ಲಿ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಬಾಲಕನೊಬ್ಬನು ಸತ್ತನು. ದಡಾರದ ಲಸಿಕೆಯು ಕಾರಣವಿರಬಹುದೆಂದು ಸೂಚಿಸಿ 1998ರಲ್ಲಿ ಹನ್ನೆರಡು ಮಕ್ಕಳನ್ನು ಆಧರಿಸಿ ಬರೆದ ಪ್ರಬಂಧವನ್ನು, ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿದ 2019ರ ಅಧ್ಯಯನವು ಆ ಲಸಿಕೆಗೂ ಸ್ವಲೀನತೆಗೂ ನಂಟಿಲ್ಲವೆಂದು ತೋರಿಸಿದೆ.

ಆದರೆ ಇಂಥ ತಂದೆತಾಯಿಗಳನ್ನು ನಡುರಾತ್ರಿಯಲ್ಲಿ ಎಚ್ಚರಿಸುವ ಪ್ರಶ್ನೆ ಬೇರೆಯೇ ಇದೆ: “ನಾವು ಹೋದ ಮೇಲೆ ಇವನಿಗೆ ಯಾರು?” ಕಾನೂನು ಇದಕ್ಕೆ ಅರ್ಧ ಉತ್ತರವನ್ನು ಕೊಟ್ಟಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಜಿಲ್ಲೆಯ ಸ್ಥಳೀಯ ಸಮಿತಿಯು ಅಗತ್ಯವಿದ್ದವರಿಗೆ ಪಾಲಕರನ್ನು ನೇಮಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವನ್ನೂ, ಸರ್ಕಾರಿ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡ 5ರಷ್ಟು ಸ್ಥಾನಗಳನ್ನೂ ವಿಧಿಸಿತು. ಆದರೆ ತರಗತಿಯ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡಬೇಕೆಂದು ಯಾವ ಕಾನೂನೂ ಕಲಿಸಲಾರದು. ಉಳಿದ ಅರ್ಧ ಉತ್ತರವನ್ನು ಕೊಡಬೇಕಾದವರು ನೀವು.

ಇಂದು ನಿಮ್ಮ ಶಾಲೆಗೆ ಬರುವ ಇಂಥ ಹುಡುಗನು ನಾಳೆ ನಿಮ್ಮದೇ ಊರಿನಲ್ಲಿ ಬಾಳಬೇಕಾದವನು. ಅವನ ತಂದೆತಾಯಿಗಳು ಇಲ್ಲವಾದಾಗ ನೀವು ಗುಮಾಸ್ತರಾಗಿ, ಅಧ್ಯಾಪಕರಾಗಿ, ಅಂಗಡಿಕಾರರಾಗಿ ಅಲ್ಲಿಯೇ ಇರುವಿರಿ. ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲವೆಂದು ಅಹಂಕಾರಿಯೆನ್ನಬೇಡಿ. ಒಂದೇ ಮಾತನ್ನು ಹತ್ತು ಸಲ ಹೇಳಿದನೆಂದು ನಗಬೇಡಿ. ಹೇಳಬೇಕಾದುದನ್ನು ನೇರವಾಗಿ, ಚಿಕ್ಕ ಮಾತಿನಲ್ಲಿ ಹೇಳಿ, ಉತ್ತರಕ್ಕೆ ತುಸು ಕಾಯಿರಿ. ಆಟಕ್ಕೆ ಕರೆಯಿರಿ, ಬರಲಿಲ್ಲವಾದರೆ ನಾಳೆಯೂ ಕರೆಯಿರಿ.

ಸ್ವಲೀನ ಮಗುವನ್ನು ಹೆರುವವಳು ಒಬ್ಬ ತಾಯಿ. ಬೆಳೆಸಬೇಕಾದುದು ಇಡೀ ಊರು ಎಂಬುದೇ ನಮ್ಮ ಅಭಿಪ್ರಾಯ. ಮುಂದಿನ ಮದುವೆಯಲ್ಲಿ ಯಾವುದಾದರೂ ಮಗು ಕಿವಿ ಮುಚ್ಚಿಕೊಂಡು ಚೀರಿದರೆ, ಹಿರಿಯರ ಮಾತಿಗೆ ತಲೆದೂಗಬೇಡಿ. ಎದ್ದುಹೋಗಿ, ಸದ್ದು ಕಡಮೆಯಿರುವ ಕೋಣೆಯೊಂದರ ಬಾಗಿಲನ್ನು ಆ ತಾಯಿಗೆ ತೆರೆದುಕೊಡಿ. ನಾವು ಅಂದು ಅಷ್ಟನ್ನೂ ಮಾಡಲಿಲ್ಲ.