ಯಂತ್ರದ ಲೆಕ್ಕಕ್ಕೂ ತನಿಖೆ ಬೇಡವೆ?

ಹೋದ ಭಾನುವಾರ ಸಂಜೆ ನಮ್ಮ ಬೀದಿಯ ರಾಯರು ಮಗಳೊಡನೆ ಮನೆಗೆ ಬಂದಿದ್ದರು. ಹುಡುಗಿ ಬಿ.ಕಾಂ. ಮುಗಿಸಿ, ನಾಲ್ಕು ವರ್ಷಗಳಿಂದ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದಾಳೆ. ಕಂಪ್ಯೂಟರ್ ವ್ಯವಸ್ಥೆಗಳ ಲೆಕ್ಕಪರಿಶೋಧನೆಯ ವಿಭಾಗಕ್ಕೆ ಬರುವೆಯಾ ಎಂದು ಮೇಲಿನವರು ಈಗ ಕೇಳಿದ್ದಾರಂತೆ. ಅವಳಿಗೆ ಮನಸ್ಸಿದೆ, ತಂದೆಗೆ ಇಲ್ಲ.

“ನೀವೇ ಹೇಳಿ ಸ್ವಾಮಿ, ಜೊತೆಯವರ ತಪ್ಪು ಹುಡುಕುವ ಕೆಲಸ ಇವಳಿಗೇಕೆ? ನಾಳೆ ಯಾರೂ ಇವಳ ಪಕ್ಕದಲ್ಲಿ ಕುಳಿತು ಕಾಫಿ ಕುಡಿಯಲಾರರು” ಎಂದರು ರಾಯರು.

ಕಾಫಿಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಾನು ಅವರಿಗೆ ಮುಂಬಯಿಯ ಕಥೆಯೊಂದನ್ನು ನೆನಪಿಸಬೇಕಾಯಿತು.

2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ತನ್ನ ಮುಂಬಯಿಯ ಬ್ರಾಡಿ ಹೌಸ್ ಶಾಖೆಯಲ್ಲಿ ನಡೆದ ಮೋಸವನ್ನು ಪ್ರಕಟಿಸಿದುದು ವಾಚಕರಿಗೆ ನೆನಪಿರಬಹುದು. ಮೊದಲ ಎಣಿಕೆಗೆ ಸುಮಾರು 11,400 ಕೋಟಿ ರೂಪಾಯಿ; ಆಮೇಲೆ ಮೊತ್ತ 13,000 ಕೋಟಿಯನ್ನೂ ಮೀರಿತು. ವಜ್ರದ ವ್ಯಾಪಾರಿಗಳ ಸಾಲಕ್ಕೆ ತಾನು ಹೊಣೆ ಎಂಬ ಪತ್ರಗಳು ಬ್ಯಾಂಕಿನ ಹೆಸರಿನಲ್ಲಿ ‘ಸ್ವಿಫ್ಟ್’ ಎಂಬ ಸಂದೇಶ ಜಾಲದ ಮೂಲಕ ಹೊರಬಿದ್ದವು. ಅವನ್ನು ನಂಬಿ ಇತರ ಬ್ಯಾಂಕುಗಳ ವಿದೇಶೀ ಶಾಖೆಗಳು ಹಣ ಕೊಟ್ಟವು. ಬ್ಯಾಂಕಿನ ಮುಖ್ಯ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಮಾತ್ರ ಆ ಹೊಣೆಯ ಸುಳಿವೇ ಇರಲಿಲ್ಲ. ಎರಡು ಯಂತ್ರಗಳಿಗೂ ಒಂದಕ್ಕೊಂದು ಸಂಪರ್ಕವಿಲ್ಲ! ಒಳಗಿನ ನೌಕರರೇ ಸೇರಿಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಅದು ಬಯಲಾದ ಬಗೆಯನ್ನು ನೋಡಿ. ಹಳೆಯ ಅಧಿಕಾರಿ ನಿವೃತ್ತರಾದ ಮೇಲೆ, ಹೊಸ ಪತ್ರ ಕೇಳಲು ಬಂದವರಿಗೆ ಶಾಖೆಯವರು ಪೂರ್ತಿ ಠೇವಣಿ ಇಡಿ ಎಂದರು. “ಹಿಂದೆ ಎಂದೂ ಇಟ್ಟಿರಲಿಲ್ಲವಲ್ಲ!” ಎಂದರಂತೆ ಬಂದವರು. ಹಿಂದಿನ ಪತ್ರಗಳೆಲ್ಲಿ ಎಂದು ಹುಡುಕಿದರೆ ಲೆಕ್ಕದಲ್ಲಿ ಒಂದೂ ಇಲ್ಲ. ಅಷ್ಟು ಸರಳವಾದ ಪ್ರಶ್ನೆಯನ್ನು ಅದಕ್ಕೆ ಮುಂಚೆಯೇ ಯಾರಾದರೂ ಕೇಳಬೇಕಿತ್ತು. ಸ್ವಿಫ್ಟನ್ನು ಮುಖ್ಯ ಲೆಕ್ಕಕ್ಕೆ ಜೋಡಿಸಲು ರಿಸರ್ವ್ ಬ್ಯಾಂಕು ಆ ವರ್ಷದ ಏಪ್ರಿಲ್ ಕೊನೆಯ ಗಡುವು ವಿಧಿಸಿತು.

“ಹಾಗಾದರೆ ಹೊರಗೆ ಹೋದ ಸಂದೇಶಗಳ ಪಟ್ಟಿಯನ್ನು ಲೆಕ್ಕದೊಂದಿಗೆ ತಾಳೆ ನೋಡುವುದೇ ಕೆಲಸವೆ, ಮಾವ?” ಎಂದಳು ಹುಡುಗಿ.

ಬಹುಮಟ್ಟಿಗೆ ಅದೇ. ಹಿಂದಿನ ತನಿಖೆದಾರರು ಕಿರ್ದಿಯನ್ನೂ ಖಾತೆಯನ್ನೂ ಎದುರುಬದುರಾಗಿ ಇಟ್ಟುಕೊಳ್ಳುತ್ತಿದ್ದರು. ಈಗ ಕೇಳಬೇಕಾದುದು ಬೇರೆ: ಕೆಲಸ ಬಿಟ್ಟುಹೋದವನ ಗುಪ್ತಪದ ಇನ್ನೂ ನಡೆಯುತ್ತಿದೆಯೆ? ನಮೂದಿಸಿದವನೇ ಮಂಜೂರಾತಿಯನ್ನೂ ಕೊಟ್ಟನೆ? ಪ್ರೋಗ್ರಾಮನ್ನು ತಿದ್ದಿದವರು ಯಾರು, ಒಪ್ಪಿಗೆ ಯಾರದು? ದಾಖಲೆಗಳ ನಕಲು ಇಟ್ಟಿದ್ದೇವೆ ಎನ್ನುವವರು ಅದನ್ನು ಒಮ್ಮೆಯಾದರೂ ತೆರೆದು ನೋಡಿದ್ದಾರೆಯೆ? ಇದಕ್ಕೆ ಕಂಪ್ಯೂಟರ್ ಪಂಡಿತರೇ ಆಗಬೇಕೆಂದಿಲ್ಲ. ಶಾಖೆಯಲ್ಲಿ ಕುಳಿತು, ಜನದಟ್ಟಣೆಯ ದಿನ ಗುಪ್ತಪದಗಳು ಹೇಗೆ ಕೈಬದಲಾಗುತ್ತವೆ ಎಂದು ಕಂಡವಳಿಗೆ ಅರ್ಧ ವಿದ್ಯೆ ಬಂದಂತೆಯೇ.

ಉಳಿದರ್ಧವನ್ನು ಓದಿ ಗಳಿಸಬೇಕು. 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಇಸಾಕಾ’ ಸಂಸ್ಥೆಯ ‘ಸಿಸಾ’ ಪರೀಕ್ಷೆಗೆ ಈ ವೃತ್ತಿಯಲ್ಲಿ ಮನ್ನಣೆಯುಂಟು. ನಾಲ್ಕು ಗಂಟೆ, 150 ಪ್ರಶ್ನೆ. ಉತ್ತೀರ್ಣಳಾದ ಮಾತ್ರಕ್ಕೆ ಪ್ರಮಾಣಪತ್ರ ಕೈಗೆ ಬಾರದು. ಇದೇ ಕ್ಷೇತ್ರದ ಐದು ವರ್ಷಗಳ ಅನುಭವ ಬೇಕು. ಪದವಿಗೆ ಒಂದಿಷ್ಟು ರಿಯಾಯಿತಿ ಇದೆ. ಚಾರ್ಟರ್ಡ್ ಅಕೌಂಟೆಂಟರಿಗಾದರೆ ಅವರ ಸಂಸ್ಥೆಯೇ ನಡೆಸುವ ‘ಡೀಸಾ’ ಇದೆ.

ರಾಯರು ಪಟ್ಟು ಬಿಡಲಿಲ್ಲ. “ಕಂಡದ್ದನ್ನು ಬರೆದರೆ ಮೇಲಿನವರು ಸುಮ್ಮನಿರುತ್ತಾರೆಯೆ?”

ಇದು ನಿಜವಾದ ಪ್ರಶ್ನೆ. ತನಿಖೆ ನಡೆಸುವವರು ತನಿಖೆಗೊಳಗಾದವರ ಕೈಕೆಳಗಿರಬಾರದು. ಅವರ ವರದಿ ನಿರ್ದೇಶಕ ಮಂಡಲಿಯ ಲೆಕ್ಕಪರಿಶೋಧನಾ ಸಮಿತಿಗೆ ಮುಟ್ಟಬೇಕು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಕಂಪ್ಯೂಟರ್ ವ್ಯವಸ್ಥೆಗಳ ತನಿಖೆಯ ಮೇಲ್ವಿಚಾರಣೆಯನ್ನು ಆ ಸಮಿತಿಗೇ ಒಪ್ಪಿಸಲಾಗಿದೆ. ಕಾಗದದ ಮೇಲಿನ ಈ ರಕ್ಷಣೆ ನಿತ್ಯದ ಮುಖಭಂಗವನ್ನು ತಪ್ಪಿಸಲಾರದು, ಅದನ್ನೂ ಒಪ್ಪುತ್ತೇನೆ. “ಈ ಒಂದು ವಾಕ್ಯವನ್ನು ಸ್ವಲ್ಪ ಮೆದುಮಾಡಿ” ಎಂದು ಬರುವ ಸ್ನೇಹಿತರೇ ಹೆಚ್ಚು ಕಷ್ಟ ಕೊಡುವವರು.

“ಮೆದುಮಾಡುವುದಿಲ್ಲ ಅಂದರಾಯಿತು” ಎಂದಳು ಹುಡುಗಿ, ಮೆಲ್ಲಗೆ.

ರಾಯರು ಮಗಳ ಮುಖವನ್ನೇ ನೋಡಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಅವಳಿಗೆ ಕೇಳಿಸದಂತೆ ನನ್ನನ್ನು ವಿಚಾರಿಸಿದರು: “ಆ ಪರೀಕ್ಷೆಯ ಶುಲ್ಕ ಎಷ್ಟಾಗಬಹುದು, ಸ್ವಾಮಿ?”